ಅರಿಶಿನವೂ ಅರ್ಬುದವೂ

ತುಂಗಭದ್ರೆಯ ಉತ್ತರತೀರದಲ್ಲಿ, ಆನೆಗೊಂದಿಗೆ ಸಮೀಪವಾದ ಸಾಣಾಪುರದಲ್ಲಿ, ನಾಡಿನ ಇತರ ಗ್ರಾಮಗಳಲ್ಲಿರುವಂತೆಯೇ, ಅರಿಶಿನವಿಲ್ಲದ ಮನೆ ದುರ್ಲಭ. ಹೊಸ್ತಿಲಿಗೂ ಮದುವಣಗಿತ್ತಿಯ ಮೈಗೂ ಸಾರಿಗೂ ಗಾಯಕ್ಕೂ ಅದೇ ಬೇಕು. ಇಂತಹ ಮಂಗಳದ್ರವ್ಯವು ಅರ್ಬುದವನ್ನು, ಎಂದರೆ ಕ್ಯಾನ್ಸರೆಂಬ ವ್ಯಾಧಿಯನ್ನು, ನೀಗಬಲ್ಲುದೆಂಬ ಮಾತು ಈಚೆಗೆ ಎಲ್ಲೆಡೆಯೂ ಹಬ್ಬಿರುವುದು. ಆ ಮಾತಿನ ಚರಿತ್ರೆಯು ವಿಚಾರಾರ್ಹವಾದುದು.

ಸಂಸ್ಕೃತದಲ್ಲಿ ಇದಕ್ಕೆ ಹರಿದ್ರಾ, ಕಾಂಚನೀ, ನಿಶಾ ಮೊದಲಾದ ಹೆಸರುಗಳುಂಟು. ಚರಕಸಂಹಿತೆಯು ಇದನ್ನು ಕುಷ್ಠಘ್ನ, ವಿಷಘ್ನ ಗಣಗಳಲ್ಲಿ ಎಣಿಸಿದೆ. ಅರ್ಬುದದ ವಿಷಯದಲ್ಲಾದರೋ ಸುಶ್ರುತಸಂಹಿತೆಯು ಶಸ್ತ್ರ, ಕ್ಷಾರ, ಅಗ್ನಿಗಳನ್ನು ವಿಧಿಸಿ, ದೋಷಶೇಷವುಳಿದರೆ ಅದು ಶೀಘ್ರವಾಗಿ ಮರಳಿ ಬೆಳೆಯುವುದೆಂದು ಎಚ್ಚರಿಸುತ್ತದೆ. ಮೇದೋಜವಾದ ಅರ್ಬುದವನ್ನು ಛೇದಿಸಿದ ಬಳಿಕ ವ್ರಣಕ್ಕೆ ಹಚ್ಚುವ ಚೂರ್ಣದಲ್ಲಿ ಅರಿಶಿನವನ್ನೂ ಸೇರಿಸಿದೆ. ಅಲ್ಲಿ ಅರಿಶಿನವು ಶಸ್ತ್ರದ ಹಿಂದೆ ಬರುವ ಸಹಾಯಕವೇ ಹೊರತು ಶಸ್ತ್ರಕ್ಕೆ ಬದಲಲ್ಲ.

1815ರಲ್ಲಿ ವೋಗೆಲ್ ಮತ್ತು ಪೆಲ್ಟಿಯೆ ಎಂಬವರು ಇದರ ಹಳದಿಯ ಸತ್ತ್ವವನ್ನು ಬೇರ್ಪಡಿಸಿ ಕರ್ಕ್ಯುಮಿನ್ ಎಂದು ಕರೆದರು. 1910ರಲ್ಲಿ ಪೋಲಿಷ್ ರಸಾಯನಜ್ಞರು ಅದರ ರಚನೆಯನ್ನು ನಿರ್ಣಯಿಸಿದರು. 1985ರಲ್ಲಿ ಕೇರಳದ ತ್ರಿಶ್ಶೂರಿನ ಅಮಲಾ ಕ್ಯಾನ್ಸರ್ ಸಂಸ್ಥೆಯ ಕುಟ್ಟನ್ ಮೊದಲಾದವರು, ಪ್ರಯೋಗಪಾತ್ರೆಯಲ್ಲಿ ಅರಿಶಿನದ ಸಾರವು ಅರ್ಬುದಕೋಶಗಳನ್ನು ಕೊಲ್ಲುವುದೆಂದು ಪ್ರಕಟಿಸಿದರು. 1987ರಲ್ಲಿ ಅವರೇ 62 ರೋಗಿಗಳ ಹುಣ್ಣುಗಳಿಗೆ ಲೇಪಿಸಿದಾಗ ದುರ್ಗಂಧವೂ ನವೆಯೂ ಬಹುಮಂದಿಗೆ ತಗ್ಗಿದುವೆಂದು ವರದಿಮಾಡಿದರು. ಅಲ್ಲಿಂದ ಆಶೆಯು ಲೋಕವ್ಯಾಪಿಯಾಯಿತು.

ಆದರೆ ಪಾತ್ರೆ ಬೇರೆ, ದೇಹ ಬೇರೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪರೀಕ್ಷಕರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಲು, ಅದು ರಕ್ತದಲ್ಲಿ ಕಾಣದಷ್ಟು ಅಲ್ಪವಾಗಿದ್ದಿತು. ಮೆಣಸಿನ ಸತ್ತ್ವವಾದ ಪೈಪರಿನ್ 20 ಮಿಲಿಗ್ರಾಂ ಕೂಡಿಸಲು ಅದರ ಲಭ್ಯತೆಯು ನೂರಕ್ಕೆ 2000ದಷ್ಟು ಏರಿತು. ಸಾರಿನಲ್ಲಿ ಮೆಣಸು ಅರಿಶಿನಗಳನ್ನು ಕೂಡಿಸುವ ಗೃಹಿಣಿಯರಿಗೆ ಇದು ಪ್ರಿಯವಾದ ಸುದ್ದಿಯೇ ಸರಿ. ಆದರೂ ಅತ್ಯಲ್ಪವು ಹಲವು ಪಟ್ಟಾದರೂ ಅಲ್ಪವೇ. ಅರಿಶಿನದಲ್ಲಿ ಈ ಸತ್ತ್ವವು ನೂರಕ್ಕೆ ಸುಮಾರು 3 ಪಾಲು ಮಾತ್ರ. ಆ 2 ಗ್ರಾಮಿಗೆ 65 ಗ್ರಾಂಗೂ ಮಿಕ್ಕ ಪುಡಿ ಬೇಕು. ಚಿಟಿಕೆಯ ಮಾತೆಲ್ಲಿ, ಇದೆಲ್ಲಿ! ಅಲ್ಲದೆ ಪೈಪರಿನ್ ಇತರ ಔಷಧಗಳ ಪಚನವನ್ನೂ ವ್ಯತ್ಯಾಸಗೊಳಿಸಬಲ್ಲುದು. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ವಿಮರ್ಶೆಯು, 120ಕ್ಕೂ ಹೆಚ್ಚು ಚಿಕಿತ್ಸಾಪರೀಕ್ಷೆಗಳು ನಡೆದಿದ್ದರೂ, ರೋಗಿಗೂ ವೈದ್ಯನಿಗೂ ಮದ್ದಾವುದೆಂದು ತಿಳಿಸದೆ ನಡೆಸಿದ ಕಠಿನ ಪರೀಕ್ಷೆಯಲ್ಲಿ ಕರ್ಕ್ಯುಮಿನ್ ಒಮ್ಮೆಯೂ ಗೆದ್ದಿಲ್ಲವೆಂದು ಸಾರಿತು.

ಸಂಶೋಧನೆಯು ಇನ್ನೂ ನಡೆದಿರುವುದು, ಅದು ನಡೆಯತಕ್ಕದ್ದೇ. ಆದರೆ ಗಂಟನ್ನು ಕಂಡವಳು ಅರಿಶಿನದ ಹಾಲನ್ನು ನಂಬಿ ಆರು ತಿಂಗಳು ಕಳೆದರೆ ಆ ಕಾಲವನ್ನು ಮರಳಿ ಕೊಡುವವರಾರು? ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಂತಹ ಆಸ್ಪತ್ರೆಗಳು ಇರುವುದು ಇದಕ್ಕಾಗಿಯೇ. ಅರಿಶಿನವು ಹೊಸ್ತಿಲಲ್ಲಿ ಪೂಜ್ಯವಾಗಿಯೂ ಸಾರಿನಲ್ಲಿ ರುಚ್ಯವಾಗಿಯೂ ಇರಲಿ. ವೈದ್ಯನ ಬಳಿಗೆ ಹೋಗುವವರಿಗೆ ಆ ಹೊಸ್ತಿಲು ಅಡ್ಡವಾಗದಿರಲಿ.