ರಾಜನ ಮೇಲೆ ಎಕ್ಕ

ರಥಸಪ್ತಮಿಯ ಹಿಂದಿನ ದಿನ ವಿಜಯನಗರದ ಮಾರ್ಕೆಟ್ಟಿನಲ್ಲಿ ಎಕ್ಕದೆಲೆ ಕೇಳಿದರೆ ಏಳೆಲೆಯ ಕಟ್ಟು ಕೈಗೆ ಬರುತ್ತದೆ. ಬೆಳಗ್ಗೆ ತಲೆ, ಹೆಗಲ ಮೇಲಿಟ್ಟುಕೊಂಡು ಸ್ನಾನ ಮಾಡಬೇಕಲ್ಲ! ಅದೇ ಮಾತನ್ನು ಮದುವೆಯ ಹಿಂದಿನ ರಾತ್ರಿ, ವರಪೂಜೆಯ ಊಟ ಮುಗಿಸಿ ಛತ್ರದ ಮಹಡಿಯಲ್ಲಿ ಜಮಖಾನ ಹಾಸಿ ಕೂತವರ ನಡುವೆ ಆಡಿದರೆ, ಯಾರ ಕೈಯಲ್ಲಿದೆ ಎಂದು ಎಲ್ಲರೂ ತಲೆ ಎತ್ತುತ್ತಾರೆ.

ಗಿಡದ ಎಕ್ಕ ಬಂದದ್ದು ಸಂಸ್ಕೃತದ ‘ಅರ್ಕ’ದಿಂದ. ಪಾಳು ಜಾಗದಲ್ಲಿ ತಾನೇ ಹುಟ್ಟಿ ಬೆಳೆಯುವ ಗಿಡವಾದ್ದರಿಂದ ‘ಎಕ್ಕುಟ್ಟೋಗ್ಲಿ’ ಎಂಬ ಶಾಪವೂ ಅದರ ಹೆಸರಲ್ಲೇ ಇದೆ. ಇಸ್ಪೀಟಿನ ಎಕ್ಕದ ಬೇರು ‘ಏಕ’. ಹಳಗನ್ನಡದಲ್ಲಿ ಒಂದೆಳೆಯ ಹಾರ ಎಕ್ಕಾವಳಿ, ಒಬ್ಬನೇ ನಿಂತು ಕಾದುವ ವೀರ ಎಕ್ಕಟಿಗ. ಒಂದು, ಒಂಟಿ ಎನ್ನುವಷ್ಟೇ ಅದರ ಅರ್ಥ.

ಆ ಒಂಟಿ ಎಲ್ಲ ಆಟದಲ್ಲೂ ರಾಜನ ಮೇಲೆ ಕೂತದ್ದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಆಟ ಕಟ್ಟಿ ಬೆಳೆಸಿದ ಗಂಜೀಫದ ಲೋಕವನ್ನೇ ನೋಡಿ. ದಶಾವತಾರ ಗಂಜೀಫದ 120 ದುಂಡನೆ ಎಲೆಗಳಲ್ಲಿ ರಾಜ ಮೊದಲು, ಮಂತ್ರಿ ಆಮೇಲೆ. ಹತ್ತು ಬಣ್ಣಗಳ ಪೈಕಿ ಐದರಲ್ಲಿ ಒಂದನೆಯ ಎಲೆ ಮಂತ್ರಿಯ ಬೆನ್ನಿಗೇ ಬರುತ್ತದೆ, ಇನ್ನೈದರಲ್ಲಿ ತೀರಾ ತಳಕ್ಕೆ ಇಳಿಯುತ್ತದೆ. ಅದು ರಾಜನನ್ನು ಮೀರಿದ್ದು 52 ಎಲೆಯ ಕಟ್ಟಿನಲ್ಲಿ. ‘ಜಾಕಿ’ (2010) ಸಿನಿಮಾದ ಹಾಡಿನಿಂದ ಇಸ್ಪೀಟು ಮುಟ್ಟದ ಮನೆಗಳಲ್ಲೂ ಎಕ್ಕ, ರಾಜ, ರಾಣಿ ಬಾಯಿಪಾಠವಾದರು. 2025ರಲ್ಲಿ ‘ಎಕ್ಕ’ ಎಂಬ ಹೆಸರಿನದೇ ಸಿನಿಮಾ ಬಂತು.

ಹೊಸದಾಗಿ ಕಲಿಯುವವರು ಎಡವುವುದು ಈ ಗತ್ತು ನೋಡಿಯೇ. ಎಕ್ಕ ಬಿತ್ತು ಅಂದರೆ ಗೆದ್ದೆ ಅಂದುಕೊಳ್ಳುತ್ತಾರೆ. ಆದರೆ ಮೂರೆಲೆಯ ಆಟದಲ್ಲಿ ಎಕ್ಕ, ರಾಜ, ಒಂಬತ್ತು ಹಿಡಿದವನು ಎರಡರ ಜೋಡಿಯ ಎದುರು ಸೋಲುತ್ತಾನೆ. ಎಲೆಯ ಮುಖಕ್ಕಿಂತ ಮೊದಲು ಲೆಕ್ಕಕ್ಕೆ ಬರುವುದು ಎಲೆಗಳ ಕೂಟ, ಅದು ಎಷ್ಟು ಅಪರೂಪ ಎಂಬುದು.

ಹಾಗೆ ಛತ್ರದ ಮಹಡಿಯೊಂದರಲ್ಲಿ ಕೂತಾಗ ಫೋನಿನಲ್ಲಿ ಪೋಕರ್ ಕಲಿತ ಹುಡುಗನೊಬ್ಬ ಮೂರು ಆಟೀನು ಇಳಿಸಿ, ನಡುವಿದ್ದ ಹುಣಸೆಬೀಜದ ರಾಶಿಗೆ ಕೈ ಹಾಕಿದ. ಎದುರಿಗೆ ನಾಲ್ಕು, ಐದು, ಆರು, ಬೇರೆ ಬೇರೆ ಬಣ್ಣದವು.

“ಮಾವ, ಕಲರ್ ದೊಡ್ಡದು!”

“ಇಲ್ಲ ಕಣೋ, ಸೀಕ್ವೆನ್ಸೇ ದೊಡ್ಡದು. ಕೈ ತೆಗಿ.”

ಇಬ್ಬರು ಕಲಿತದ್ದೂ ಸರಿಯೇ. ಮೂರೆಲೆಯಲ್ಲಿ ಒಟ್ಟು 22,100 ಕೈ ಸಾಧ್ಯ. ಅದರಲ್ಲಿ ಬರಿಯ ಸೀಕ್ವೆನ್ಸ್ 720, ಬರಿಯ ಕಲರ್ 1,096. ಸೀಕ್ವೆನ್ಸ್ ಅಪರೂಪ, ಹಾಗಾಗಿ ಮಾವನ ಕೈ ಮೇಲು. ಪೋಕರಿನ ಐದೆಲೆಗೆ 25,98,960 ಕೈ. ಅಲ್ಲಿ ಸೀಕ್ವೆನ್ಸ್ 10,200, ಕಲರ್ 5,108 ಮಾತ್ರ. ಎರಡೆಲೆ ಹೆಚ್ಚಾದ ಕೂಡಲೇ ಪಟ್ಟಿ ತಿರುಗಾ ಮುರುಗಾ. ಈ ಲೆಕ್ಕಕ್ಕೂ ಮಣಿಯದ ಒಂದು ರೂಢಿಯಿದೆ. ಒಂದೇ ಬಣ್ಣದ ಸೀಕ್ವೆನ್ಸ್ 48, ಟ್ರಯೊ, ಅಂದರೆ ಒಂದೇ ಮುಖದ ಮೂರೆಲೆ, 52. ಆದರೂ ನಮ್ಮ ಮೂರೆಲೆಯಲ್ಲಿ ಟ್ರಯೊಗೇ ಮೊದಲ ಪಟ್ಟ, ಮೂರು ಎಕ್ಕಕ್ಕೆ ಎದುರೇ ಇಲ್ಲ.

ಎಕ್ಕದ ಬೆಲೆಯೂ ಹೀಗೇ ಬದಲಾಗುತ್ತದೆ. ಮೂರೆಲೆಯಲ್ಲಿ 16,440 ಕೈಗಳು, ಅಂದರೆ ನಾಲ್ಕಕ್ಕೆ ಸುಮಾರು ಮೂರು, ಏನೂ ಕೂಡದ ಕೈಗಳೇ. ಅಲ್ಲಿ ಒಂಟಿ ಎಕ್ಕಕ್ಕೆ ನಿಜವಾದ ಕಿಮ್ಮತ್ತು, ಒಂದು ಸುತ್ತು ಧೈರ್ಯ ಮಾಡಬಹುದು. ಪೋಕರಿನಲ್ಲಿ ಅರ್ಧಕ್ಕರ್ಧ ಕೈಗಳಲ್ಲಿ ಕನಿಷ್ಠ ಒಂದು ಜೋಡಿಯಾದರೂ ಕೂಡುತ್ತದೆ. ಮೂರೆಲೆಯ ಅಭ್ಯಾಸದಲ್ಲಿ ಒಂಟಿ ಎಕ್ಕವನ್ನೇ ನೆಚ್ಚಿ ಅಲ್ಲಿ ಕೂತವರು ಬೇಗ ಬರಿಗೈಯಾಗುತ್ತಾರೆ.

ಹುಣಸೆಬೀಜ ಅಂದದ್ದು ಬೇಕೆಂದೇ. ಆಟದ ಎಕ್ಕವನ್ನು ನಂಬಿ ಮನೆಯಂಗಳದಲ್ಲಿ ಗಿಡದ ಎಕ್ಕ ಹುಟ್ಟಿಸಿಕೊಂಡ ಸಂಸಾರಗಳು ನಮ್ಮ ಸುತ್ತಮುತ್ತಲೇ ಇವೆ. ಎರಡು ಎಕ್ಕಗಳು ಒಂದಾಗುವುದು ಅಲ್ಲಿ ಮಾತ್ರ, ಅದು ಯಾರಿಗೂ ಬೇಡ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದ್ದು ನನಗೆ ಸರಿಯೆನಿಸುತ್ತದೆ. ಬೀಜ ಇಟ್ಟು ಆಡಿದರೂ ಲೆಕ್ಕದ ಸೊಗಸಿಗೆ ಏನೂ ಕೊರತೆಯಿಲ್ಲ.

ಕಲಿಯುವವರು ಎಲೆ ಹಾಕುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ಎಕ್ಕ, ರಾಜ, ರಾಣಿ ದೊಡ್ಡ ಸೀಕ್ವೆನ್ಸ್ ಎಂಬುದರಲ್ಲಿ ತಕರಾರಿಲ್ಲ. ಎಕ್ಕ, ಎರಡು, ಮೂರು? ಪೋಕರಿನಲ್ಲಿ ಎಕ್ಕದಿಂದ ಐದರವರೆಗಿನ ಸಾಲು ಎಲ್ಲ ಸೀಕ್ವೆನ್ಸಿಗಿಂತ ಚಿಕ್ಕದು, ಎಕ್ಕ ಅಲ್ಲಿ ಬರೀ ಒಂದು. ಮೂರೆಲೆಯಲ್ಲಿ ಮಾತ್ರ ಬಹಳ ಕಡೆ ಎಕ್ಕ, ಎರಡು, ಮೂರರ ಸಾಲಿಗೆ ಎರಡನೆಯ ಸ್ಥಾನ, ರಾಜ, ರಾಣಿ, ಗುಲಾಮರ ಸಾಲಿಗಿಂತಲೂ ಮೇಲೆ. ರಾಜಾಜಿನಗರದ ಗಂಡಿನ ಕಡೆಯವರೂ ಕೆಂಗೇರಿಯ ಹೆಣ್ಣಿನ ಕಡೆಯವರೂ ಮೊದಲ ಸಲ ಒಂದೇ ಜಮಖಾನದ ಮೇಲೆ ಕೂತಾಗ ಇದನ್ನು ಕೇಳಿಕೊಂಡೇ ಎಲೆ ಕಲಸುವುದು ಕ್ಷೇಮ.