98 ಮಿಲಿಯನ್ ಪೌಂಡ್ ಕರಗಿದ ಕಥೆ: ಬಿಬಿಸಿ ಸಲಹೆಗಾರರನ್ನು ಕೇಳಿತ್ತಾ?

ಈ ವಾರದ ಕಂತು ಶುರುವಾಗಿದ್ದು ಹಾಸನದಿಂದ ಬಂದ ಒಂದು ಫೋನ್‌ನಿಂದ. ಅಲ್ಲಿ ನಮ್ಮ ಚಿಕ್ಕಪ್ಪನದ್ದೊಂದು ಫೋಟೋ ಸ್ಟುಡಿಯೋ ಇದೆ. 18 ವರ್ಷದ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲಾ 40 ಚಿಲ್ಲರೆ ಹಾರ್ಡ್ ಡಿಸ್ಕ್‌ಗಳಲ್ಲಿ ಬಿದ್ದಿವೆ. ಯಾವುದರಲ್ಲಿ ಏನಿದೆ ಅಂತ ಗೊತ್ತಿರೋದು ಕೆಲಸದ ಹುಡುಗನಿಗೊಬ್ಬನಿಗೇ. ಅವನು ಈಗ ದುಬೈಗೆ ಹೊರಟಿದ್ದಾನೆ. ಯಾರೋ ಒಬ್ಬರು ಕನ್ಸಲ್ಟೆಂಟ್ ಬಂದು, ಡಿಜಿಟಲ್ ಅಸೆಟ್ ಮ್ಯಾನೇಜ್‌ಮೆಂಟ್ ಮಾಡಿಕೊಡ್ತೀವಿ, ಒಂದೂವರೆ ಲಕ್ಷ ಆಗುತ್ತೆ ಅಂದಿದ್ದಾರೆ. "ಬಿ.ಕಾಂ ಓದಿದೀಯಲ್ಲೋ, ಕೊಡ್ಲಾ ಬೇಡ್ವಾ ಹೇಳು" ಅಂದರು ಚಿಕ್ಕಪ್ಪ.

ನನಗೆ ತಕ್ಷಣ ನೆನಪಾಗಿದ್ದು ಬಿಬಿಸಿ. ನಗಬೇಡಿ, ಕೇಳಿ.

2008ರಲ್ಲಿ ಬಿಬಿಸಿ ಒಂದು ದೊಡ್ಡ ಯೋಜನೆಗೆ ಕೈ ಹಾಕಿತು. ಹೆಸರು ಡಿಜಿಟಲ್ ಮೀಡಿಯಾ ಇನಿಶಿಯೇಟಿವ್, ಚಿಕ್ಕದಾಗಿ ಡಿಎಂಐ. ಟೇಪುಗಳ ಕಾಟ ಮುಗಿಸಬೇಕು, ಹಳೇದು ಹೊಸದು ಎಲ್ಲಾ ದೃಶ್ಯಗಳೂ ಸಿಬ್ಬಂದಿಯ ಕಂಪ್ಯೂಟರ್‌ನಲ್ಲೇ ಸಿಗಬೇಕು, ಅಲ್ಲೇ ಎಡಿಟ್ ಆಗಬೇಕು, ಅಲ್ಲಿಂದಲೇ ಹಂಚಬೇಕು. ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಟೇಪು ಉಳಿಸೋಕೆ ಅಂತ 60, 70ರ ದಶಕದಲ್ಲಿ ತನ್ನದೇ ಕಾರ್ಯಕ್ರಮಗಳನ್ನು ಅಳಿಸಿಹಾಕಿ ಆಮೇಲೆ ಕೈ ಹಿಸುಕಿಕೊಂಡ ಸಂಸ್ಥೆ ಅದು.

ಮೊದಲ ತಿರುವು ಗುತ್ತಿಗೆಯದ್ದು. 2008ರ ಫೆಬ್ರವರಿಯಲ್ಲಿ 79 ಮಿಲಿಯನ್ ಪೌಂಡ್‌ಗಳ ಕೆಲಸವನ್ನು ಸೀಮೆನ್ಸ್‌ಗೆ ಕೊಟ್ಟರು, ಅದೂ ಟೆಂಡರ್ ಕರೆಯದೆ. ಬಿಬಿಸಿಯ ತಂತ್ರಜ್ಞಾನ ವಿಭಾಗವನ್ನು 2004ರಲ್ಲೇ ಸೀಮೆನ್ಸ್‌ಗೆ ಮಾರಲಾಗಿತ್ತು, ಹಳೇ ಒಪ್ಪಂದ ಇನ್ನೂ ಜಾರಿಯಲ್ಲಿತ್ತು. ಗೊತ್ತಿರೋ ಅಂಗಡಿ, ಖಾತೆ ಇದೆ, ಅಲ್ಲೇ ತಗೊಂಡ್ರಾಯ್ತು ಅನ್ನೋ ಲೆಕ್ಕ. ನಾವೂ ಮಾಡ್ತೀವಿ ಬಿಡಿ. ಆದರೆ ಕೆಲಸ ಸಾಗಲಿಲ್ಲ. 2009ರ ಜುಲೈನಲ್ಲಿ ಇಬ್ಬರೂ ಒಪ್ಪಿಕೊಂಡು ಗುತ್ತಿಗೆ ಮುರಿದರು, ಬಿಬಿಸಿಗೆ 27.5 ಮಿಲಿಯನ್ ಪೌಂಡ್ ಪರಿಹಾರವೂ ಬಂತು.

ಎರಡನೇ ತಿರುವು ಇದಕ್ಕೆ ತದ್ವಿರುದ್ಧ. ಹೊರಗಿನವರ ಸಹವಾಸವೇ ಬೇಡ, ನಾವೇ ಕಟ್ಟೋಣ ಅಂದರು. ಬ್ರಿಟನ್ನಿನ ನ್ಯಾಷನಲ್ ಆಡಿಟ್ ಆಫೀಸ್ 2011ರಲ್ಲಿ ಬೆರಳಿಟ್ಟಿದ್ದು ಸರಿಯಾಗಿ ಇಲ್ಲೇ. ಕೆಲಸವನ್ನು ಒಳಗೆ ತಂದುಕೊಳ್ಳುವಾಗ, ಬೇರೆ ದಾರಿಗಳ ಜೊತೆ ಹೋಲಿಸಿ ಲಾಭ ನಷ್ಟ ತೂಗಲೇ ಇಲ್ಲ ಅಂತ. ಕಾಮರ್ಸ್ ಓದಿದವನಾಗಿ ನನಗೆ ಅತಿ ಹೆಚ್ಚು ಚುಚ್ಚೋದು ಈ ಸಾಲು. ಹೊರಗೆ ಕೊಟ್ಟಾಗಲೂ ತೂಗಲಿಲ್ಲ, ಒಳಗೆ ತಂದಾಗಲೂ ತೂಗಲಿಲ್ಲ.

ಹಾಗಾದ್ರೆ ಸಲಹೆಗಾರರನ್ನು ಕೇಳಲೇ ಇಲ್ವಾ? ಕೇಳಿದ್ರು! ಮಜಾ ಇರೋದೇ ಇಲ್ಲಿ. 2010ರಲ್ಲಿ ಅಕ್ಸೆಂಚರ್ ಕಂಪನಿಯಿಂದ ತಾಂತ್ರಿಕ ಪರಿಶೀಲನೆ ಮಾಡಿಸಿದರು. ಕಾರ್ಯಕ್ರಮ ತಯಾರಿಸೋ ಮಟ್ಟಕ್ಕೆ ಈ ವ್ಯವಸ್ಥೆ ಗಟ್ಟಿಯಾಗಿಲ್ಲ, ಸಾಕಷ್ಟು ರಿಪೇರಿ ಬೇಕು ಅನ್ನೋ ಅರ್ಥದ ವರದಿ ಬಂತು. ಆದರೂ 2011ರ ಫೆಬ್ರವರಿಯಲ್ಲಿ ಸಂಸತ್ತಿನ ಲೆಕ್ಕಪತ್ರ ಸಮಿತಿಯ ಮುಂದೆ ಆಗಿನ ಮಹಾನಿರ್ದೇಶಕ ಮಾರ್ಕ್ ಥಾಂಪ್ಸನ್, ಡಿಎಂಐ ಬಳಸಿ ಹಲವು ಕಾರ್ಯಕ್ರಮಗಳು ಈಗಾಗಲೇ ತಯಾರಾಗ್ತಿವೆ ಎಂಬ ಚಿತ್ರ ಕೊಟ್ಟರು. ಆಮೇಲೆ ಎಣಿಸಿ ನೋಡಿದ್ರೆ ಸಿಕ್ಕಿದ್ದು ಒಂದೇ ಒಂದು, 'ಬ್ಯಾಂಗ್ ಗೋಸ್ ದ ಥಿಯರಿ' ಅನ್ನೋ ವಿಜ್ಞಾನ ಕಾರ್ಯಕ್ರಮ.

2013ರ ಏಪ್ರಿಲ್‌ನಲ್ಲಿ ಮಾರ್ಗರೆಟ್ ಥ್ಯಾಚರ್ ತೀರಿಕೊಂಡರು. ಹಳೆಯ ದೃಶ್ಯಗಳು ತುರ್ತಾಗಿ ಬೇಕು. ಪೆರಿವೇಲ್‌ನ ಸಂಗ್ರಹಾಲಯದಿಂದ ಟೇಪುಗಳನ್ನು ಟ್ಯಾಕ್ಸಿಯಲ್ಲಿ, ಲಂಡನ್ ಟ್ಯೂಬ್ ರೈಲಿನಲ್ಲಿ ಹೊತ್ತು ತಂದರು ಅಂತ ಪತ್ರಿಕೆಗಳು ಬರೆದವು. ಮುಂದಿನ ತಿಂಗಳು ಹೊಸ ಮಹಾನಿರ್ದೇಶಕ ಟೋನಿ ಹಾಲ್ ಯೋಜನೆಗೆ ಬೀಗ ಹಾಕಿದರು. ನಿವ್ವಳ ಖರ್ಚು 98.4 ಮಿಲಿಯನ್ ಪೌಂಡ್. ಆಗಿನ ದರದಲ್ಲಿ 800 ಕೋಟಿ ರೂಪಾಯಿಗೂ ಹೆಚ್ಚು, ಎಲ್ಲಾ ಲೈಸೆನ್ಸ್ ಫೀ ಕಟ್ಟೋ ಜನರ ದುಡ್ಡು. ಕೈಗೆ ಉಳಿದಿದ್ದು ಒಂದು ಕ್ಯಾಟಲಾಗ್ ವ್ಯವಸ್ಥೆ. ಅದನ್ನು ನಿಯಮಿತವಾಗಿ ಬಳಸುತ್ತಿದ್ದವರು 163 ಮಂದಿ. ವರ್ಷಕ್ಕೆ ಅದರ ಖರ್ಚು 3 ಮಿಲಿಯನ್ ಪೌಂಡ್. ಅದು ಬದಲಿಸಬೇಕಿದ್ದ 40 ವರ್ಷದ ಹಳೇ ವ್ಯವಸ್ಥೆಗೆ ಆಗುತ್ತಿದ್ದದ್ದು 7 ಲಕ್ಷ 80 ಸಾವಿರ ಪೌಂಡ್. ಸಾಲದ್ದಕ್ಕೆ ಹೊಸದು ಹಳೇದಕ್ಕಿಂತ ನಿಧಾನ.

ತಂತ್ರಜ್ಞಾನ ಮುಖ್ಯಸ್ಥ ಜಾನ್ ಲಿನ್‌ವುಡ್ ಅವರನ್ನು ಕೆಲಸದಿಂದ ತೆಗೆದರು. ಅದು ಅನ್ಯಾಯದ ವಜಾ ಅಂತ 2014ರಲ್ಲಿ ಉದ್ಯೋಗ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಸತ್ತ ಮೇಲೆ ಪೋಸ್ಟ್‌ಮಾರ್ಟಂ ಮಾಡೋಕೆ ಮತ್ತೊಂದು ಕನ್ಸಲ್ಟೆನ್ಸಿ ಬಂತು, ಪಿಡಬ್ಲ್ಯೂಸಿ. ಅವರು ಹೇಳಿದ್ದೇನು? ಗಮನವೆಲ್ಲಾ ತಂತ್ರಜ್ಞಾನದ ಮೇಲಿತ್ತು, ಜನ ಕೆಲಸ ಮಾಡೋ ರೀತಿ ಬದಲಾಗೋದರ ಮೇಲೆ ಇರಲಿಲ್ಲ. ಇಡೀ ಯೋಜನೆಗೆ ಹೊಣೆ ಹೊರುವ ಒಬ್ಬ ವ್ಯಕ್ತಿಯೂ ಇರಲಿಲ್ಲ.

ಇದೆಲ್ಲಾ ಓದಿದ ಮೇಲೆ ನನಗನ್ನಿಸಿದ್ದು, ಕನ್ಸಲ್ಟೆಂಟ್ ಬೇಕಾ ಬೇಡ್ವಾ ಅನ್ನೋದು ಎರಡನೇ ಪ್ರಶ್ನೆ. ಅವರು "ನಿಲ್ಲಿಸಿ" ಅಂದ್ರೆ ನಿಲ್ಲಿಸೋ ಅಧಿಕಾರ ಯಾರಿಗಿದೆ ಅನ್ನೋದು ಮೊದಲನೇದು. ಸ್ಟುಡಿಯೋದಲ್ಲಾದ್ರೆ ಅದು ಸುಲಭ, ಚಿಕ್ಕಪ್ಪ ಒಬ್ಬರೇ ಯಜಮಾನರು. ಬಿಬಿಸಿಯಲ್ಲಿ ಸಮಿತಿ ಮೇಲೆ ಸಮಿತಿ.

ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಆ ಹುಡುಗ ಹೋಗೋಕೆ ಎಷ್ಟು ದಿನ ಇದೆ?" ಅಂತ ಕೇಳಿದೆ. "ಇಪ್ಪತ್ತು ದಿನ" ಅಂದರು. "ಹಾಗಿದ್ರೆ ಮೊದಲು ಅವನ ಪಕ್ಕ ಕೂತು, ಯಾವ ಡಿಸ್ಕ್‌ನಲ್ಲಿ ಯಾರ ಮದುವೆ, ಯಾವ ವರ್ಷ, ಒಂದು ಎಕ್ಸೆಲ್ ಶೀಟ್‌ಗೆ ಬರೆಸಿ ಚಿಕ್ಕಪ್ಪ. ಪ್ರತಿ ಡಿಸ್ಕ್‌ಗೂ ಇನ್ನೊಂದು ಕಾಪಿ ಮಾಡಿಸಿ ಮನೇಲಿಡಿ. ಆ ಕನ್ಸಲ್ಟೆಂಟ್‌ಗೆ ಒಂದೂವರೆ ಲಕ್ಷ ಕೊಡಬೇಡಿ. ಎರಡು ದಿನದ ಫೀಸ್ ಕೊಟ್ಟು, ಶೀಟ್ ನೋಡಿ ಏನು ಬೇಕು ಅಂತ ಬರೆದುಕೊಡಿ ಅನ್ನಿ. ಅವರೇ ಸಾಫ್ಟ್‌ವೇರ್ ಮಾರೋರಾದ್ರೆ ಅದಕ್ಕೂ ಬೇರೆಯವರನ್ನೇ ಹುಡುಕಿ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸರಿ. ಆದ್ರೆ 2009ರದ್ದು ಎರಡು ಡಿಸ್ಕ್ ಓಪನ್ನೇ ಆಗ್ತಿಲ್ವಲ್ಲೋ" ಅಂದರು.

ಈ ಶನಿವಾರ ಹಾಸನಕ್ಕೆ ಹೋಗ್ತಿದೀನಿ.