ತಾಯಂದಿರಿಗೆ ನಮನ: ಯೊರುಬಾ ಜನರ ಗೆಲೆಡೆ

ಒಂದು ಜನಾಂಗದ ಚರಿತ್ರೆಯನ್ನು ಅರಸರ ವಂಶಾವಳಿಯಿಂದಲೂ ಯುದ್ಧಗಳ ಇಸವಿಗಳಿಂದಲೂ ಮಾತ್ರ ಅರಿಯಲಾಗದು. ಅದರ ಹಾಡು, ಹಬ್ಬ, ಕುಣಿತಗಳೂ ಚರಿತ್ರೆಯ ಆಕರಗಳೇ. ಪಶ್ಚಿಮ ಆಫ್ರಿಕದ ಯೊರುಬಾ ಜನರ ‘ಗೆಲೆಡೆ’ ಎಂಬ ಮುಖವಾಡದ ಉತ್ಸವವನ್ನು ನಾವು ಈ ದೃಷ್ಟಿಯಿಂದ ನೋಡೋಣ.

ಯೊರುಬಾ ಭಾಷೆಯನ್ನಾಡುವವರು ನೈಜೀರಿಯದ ನೈಋತ್ಯ ಭಾಗದಲ್ಲಿಯೂ ಅದರ ಪಶ್ಚಿಮಕ್ಕಿರುವ ಬೆನಿನ್, ಟೋಗೊ ದೇಶಗಳಲ್ಲಿಯೂ ನೆಲೆಸಿದ್ದಾರೆ. ಗೆಲೆಡೆಯ ತವರು ಇಂದು ಬೆನಿನ್ನಿಗೆ ಸೇರಿರುವ ಕೆಟು ಎಂಬ ಪ್ರಾಚೀನ ರಾಜ್ಯವೆಂದು ಅನೇಕ ಐತಿಹ್ಯಗಳು ಹೇಳುತ್ತವೆ. ಮಕ್ಕಳಿಲ್ಲದ ಯೆಮೊಜಾ ದೇವಿಯು ಕಣಿ ಕೇಳಲಾಗಿ, ತಲೆಯ ಮೇಲೆ ಮರದ ಬೊಂಬೆಗಳನ್ನು ಹೊತ್ತು, ಕಾಲಿಗೆ ಲೋಹದ ಕಡಗಗಳನ್ನು ತೊಟ್ಟು ಕುಣಿಯಬೇಕೆಂಬ ಆದೇಶವಾಯಿತಂತೆ. ಹಾಗೆ ಕುಣಿದ ಬಳಿಕ ಅವಳಿಗೆ ಎಫೆ, ಗೆಲೆಡೆ ಎಂಬ ಇಬ್ಬರು ಮಕ್ಕಳಾದರೆಂದು ಒಂದು ಕಥೆ.

ಸ್ತ್ರೀಯರಲ್ಲಿ, ಅದರಲ್ಲಿಯೂ ವೃದ್ಧೆಯರಲ್ಲಿ, ಸೃಷ್ಟಿಗೂ ವಿನಾಶಕ್ಕೂ ಸಮರ್ಥವಾದ ಅಲೌಕಿಕ ಶಕ್ತಿಯಿದೆಯೆಂಬುದು ಯೊರುಬಾ ಜನರ ನಂಬಿಕೆ. ಆ ಶಕ್ತಿಯುಳ್ಳವರನ್ನು ಅವರು ಗೌರವದಿಂದ ‘ನಮ್ಮ ತಾಯಂದಿರು’ ಎನ್ನುತ್ತಾರೆ. ತಾಯಂದಿರು ಪ್ರಸನ್ನರಾದರೆ ಸಂತಾನ, ಸಮೃದ್ಧಿ; ಮುನಿದರೆ ಕ್ಷಾಮ, ರೋಗರುಜಿನ. ಈ ಶಕ್ತಿಯನ್ನು ಬಲದಿಂದ ಅಡಗಿಸಲಾಗದು, ಕಲೆಯಿಂದ ಒಲಿಸಬೇಕು ಎಂಬುದೇ ಗೆಲೆಡೆಯ ತಿರುಳು. ಆದುದರಿಂದಲೇ ಸುಗ್ಗಿಯ ತರುವಾಯವೂ, ಅನಾವೃಷ್ಟಿ, ಸಾಂಕ್ರಾಮಿಕ ರೋಗಗಳು ತಲೆದೋರಿದಾಗಲೂ ಇದನ್ನು ಆಚರಿಸುತ್ತಾರೆ. ಕುಣಿಯುವವರು ಗಂಡಸರಾದರೂ ಸಂಘದಲ್ಲಿ ‘ಇಯಾಲಾಶೆ’ ಎಂಬ ಹಿರಿಯ ಸ್ತ್ರೀಗೆ ಪರಮ ಸ್ಥಾನವಿದೆ.

ಉತ್ಸವದ ರಂಗಸ್ಥಳ ಸಾಮಾನ್ಯವಾಗಿ ಸಂತೆಯ ಬಯಲು. ಸಂತೆಯ ವ್ಯಾಪಾರವು ಬಹುಮಟ್ಟಿಗೆ ಹೆಂಗಸರ ಕೈಯಲ್ಲಿರುವುದರಿಂದ ಇದು ಉಚಿತವೇ ಆಗಿದೆ. ರಾತ್ರಿ ಎಫೆ ವೇಷಧಾರಿಯು ಮೊದಲು ತಾಯಂದಿರಿಗೆ ವಂದಿಸಿ, ಅನಂತರ ಊರಿನ ತಪ್ಪುಗಾರರನ್ನು ಹಾಡಿನಲ್ಲಿ ವಿಡಂಬಿಸುತ್ತಾನೆ. ಅಧಿಕಾರಸ್ಥರಿಗೂ ಅದರಿಂದ ವಿನಾಯಿತಿಯಿಲ್ಲ. ಹಗಲಿನಲ್ಲಿ ಸ್ತ್ರೀವೇಷದ ನರ್ತಕರು ಜೋಡಿಜೋಡಿಯಾಗಿ ಮದ್ದಳೆಗಳ ಗತಿಗೆ ಕಡಗಗಳನ್ನು ಝಣಿಸುತ್ತ ಕುಣಿಯುತ್ತಾರೆ. ಮುಖವಾಡವು ನೆತ್ತಿಯ ಮೇಲೆ ಕುಳಿತಿರುತ್ತದೆ. ಅದರ ಕೆಳಭಾಗದಲ್ಲಿ ಪ್ರಶಾಂತವಾದ ಮುಖ. ಮೇಲೆ ತಾಯಂದಿರ ದೂತನಾದ ಹಕ್ಕಿ, ಬಲದ ಸಂಕೇತವಾದ ಹಾವು, ಸಂತೆಯ ವ್ಯಾಪಾರಿಗಳು, ಕೆಲವೊಮ್ಮೆ ಮೋಟಾರು ಸೈಕಲು ಕೂಡ! ಹಳೆಯದು ಹೊಸದನ್ನು ಹೊರುವ ಬಗೆ ಇದು.

1886ರಲ್ಲಿ ದಾಹೊಮೆಯ ಸೈನ್ಯವು ಕೆಟು ಪಟ್ಟಣವನ್ನು ಹಾಳುಗೆಡವಿತು. 1889ರಲ್ಲಿ ಆಂಗ್ಲರೂ ಫ್ರೆಂಚರೂ ಮಾಡಿಕೊಂಡ ಒಪ್ಪಂದದ ಗಡಿರೇಖೆಯು ಯೊರುಬಾ ನಾಡನ್ನು ಇಬ್ಭಾಗಿಸಿತು. ಒಂದು ಕಡೆಯ ಮಕ್ಕಳು ಶಾಲೆಯಲ್ಲಿ ಇಂಗ್ಲಿಷನ್ನೂ ಇನ್ನೊಂದು ಕಡೆಯವರು ಫ್ರೆಂಚನ್ನೂ ಕಲಿಯುವಂತಾಯಿತು. ಆದರೂ ಎರಡೂ ಕಡೆಗಳಲ್ಲಿ ಗೆಲೆಡೆಯ ಹಾಡು ಯೊರುಬಾ ನುಡಿಯಲ್ಲಿಯೇ ಉಳಿಯಿತು. ಯುನೆಸ್ಕೊ ಸಂಸ್ಥೆಯು 2001ರಲ್ಲಿ ಇದನ್ನು ಮಾನವಕುಲದ ಪರಂಪರೆಯ ಶ್ರೇಷ್ಠ ಕೃತಿಯೆಂದು ಸಾರಿ, 2008ರಲ್ಲಿ ಬೆನಿನ್, ನೈಜೀರಿಯ, ಟೋಗೊ ಮೂರೂ ದೇಶಗಳ ಹೆಸರಿನಲ್ಲಿ ತನ್ನ ಪಟ್ಟಿಗೆ ಸೇರಿಸಿತು.

ಗೆಲೆಡೆಯ ಮುಖವಾಡಗಳು ಇಂದು ಯುರೋಪು, ಅಮೆರಿಕಗಳ ವಸ್ತುಸಂಗ್ರಹಾಲಯಗಳಲ್ಲಿಯೂ ಇವೆ. ಆದರೆ ಮದ್ದಳೆಯಿಲ್ಲದೆ, ಹಾಡಿಲ್ಲದೆ, ನೋಡುವ ತಾಯಂದಿರಿಲ್ಲದೆ ಅವು ಬರಿಯ ಮರ. ನುಡಿ ಬದುಕಿರುವಲ್ಲಿ ಮಾತ್ರ ಅವಕ್ಕೆ ಜೀವ. ಭೂಪಟದ ಗೆರೆಯು ನೆಲವನ್ನು ಹಂಚಬಲ್ಲುದು. ಜನರು ಕೂಡಿ ಹಾಡುವ ಹಾಡನ್ನು ಹಂಚಲಾರದು. ಗೆಲೆಡೆಯ ಚರಿತ್ರೆಯಿಂದ ನಾವು ಅರಿಯಬೇಕಾದುದು ಇದನ್ನೇ.